ಹಾಲಿಯೋ, ಕಲ್ದಾರೋ? ಕೆಬಿ, ಎಂಬಿ, ಜಿಬಿ ಲೆಕ್ಕದ ಒಳಗುಟ್ಟು

ಸರ್ಕಾರಿ ನೌಕರಿಗೆ ಅರ್ಜಿ ಕರೆದರೆಂದರೆ ಕಲಬುರಗಿಯ ಮಿನಿ ವಿಧಾನಸೌಧದ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥದೊಂದು ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವಳು ಜೇವರ್ಗಿ ಕಡೆಯ ಹುಡುಗಿ. ಅರ್ಜಿ ಹಾಕಲು ಅಂದೇ ಕೊನೆಯ ದಿನ. ಮೊಬೈಲಿನಲ್ಲಿ ತೆಗೆದ ಅವಳ ಫೋಟೊ 4 ಎಂಬಿ ಇತ್ತು, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರದ ಸ್ಕ್ಯಾನ್ 3.4 ಎಂಬಿ. ಅರ್ಜಿಯ ಪುಟ ಕೇಳುತ್ತಿದ್ದದ್ದು ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ, ಪ್ರಮಾಣಪತ್ರ 500 ಕೆಬಿ ಒಳಗೆ.

"ಅಣ್ಣಾ, ಇದು ಎಂಬಿದಾಗ ಅದ. ಕೆಬಿಗೆ ಕನ್ವರ್ಟ್ ಮಾಡಿ ಕೊಡ್ರಿ" ಅಂದಳು.

"ಕನ್ವರ್ಟ್ ಮಾಡಿದ್ರ ನಾಕ್ ಸಾವಿರ ಕೆಬಿ ಆಗ್ತದ ನೋಡವ್ವ. ಹಂಗಲ್ಲ, ಸಣ್ಣದ್ ಮಾಡಬೇಕು" ಅಂದ ಅಂಗಡಿಯವ, ಪರದೆಯಿಂದ ಕಣ್ಣು ಕೀಳದೆ.

ಅವನ ಆ ಮಾತಿನಲ್ಲೇ ಅರ್ಧ ಪಾಠ ಇದೆ. ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಒಂದು ಕ್ವಿಂಟಲ್ ತೊಗರಿಯನ್ನು ಕಿಲೋ ಲೆಕ್ಕಕ್ಕೆ ತಂದರೆ ನೂರು ಕಿಲೋ ಆಗುತ್ತದೆ. ಚೀಲದಿಂದ ಒಂದು ಕಾಳೂ ಕಡಿಮೆಯಾಗಿರುವುದಿಲ್ಲ, ಹಮಾಲನ ಬೆನ್ನಿನ ಭಾರವೂ ಇಳಿದಿರುವುದಿಲ್ಲ. ಎಂಬಿಯನ್ನು ಕೆಬಿಗೆ ತರುವುದೂ ಇಷ್ಟೇ. ಫೈಲನ್ನು ನಿಜಕ್ಕೂ ಕುಗ್ಗಿಸುವುದು ಬೇರೆಯೇ ಕೆಲಸ, ಅದಕ್ಕೆ ಆಮೇಲೆ ಬರೋಣ. ಮೊದಲು ಈ ಅಳತೆಗಳು ಏನನ್ನು ಅಳೆಯುತ್ತವೆ ಅಂತ ನೋಡಬೇಕು.

## ಬಿಟ್ ಅಂದರೆ ಒಂದು ಸ್ವಿಚ್ಚು

ಕಂಪ್ಯೂಟರ್ ಆಗಲಿ ಮೊಬೈಲ್ ಆಗಲಿ, ಅದರ ಒಳಗೆ ಇರುವುದು ಸ್ವಿಚ್ಚುಗಳ ರಾಶಿ. ಒಂದು ಸ್ವಿಚ್ಚು ಹಾಕಿರುತ್ತದೆ ಇಲ್ಲವೇ ಆರಿಸಿರುತ್ತದೆ, ಮೂರನೆಯ ಸ್ಥಿತಿ ಇಲ್ಲ. ಹಾಕಿದ್ದರೆ 1, ಆರಿಸಿದ್ದರೆ 0. ಆ ಒಂದು ಸ್ವಿಚ್ಚು ಇಟ್ಟುಕೊಳ್ಳಬಲ್ಲ ಮಾಹಿತಿಯೇ ಒಂದು ಬಿಟ್. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರಲ್ಲೇ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ತಮ್ಮ ಹೆಸರಾಂತ ಪ್ರಬಂಧದಲ್ಲಿ ಈ ಪದ ಬಳಸಿದರು. ಅದನ್ನು ಸೂಚಿಸಿದವರು ಇನ್ನೊಬ್ಬ ಗಣಿತಜ್ಞ ಜಾನ್ ಟ್ಯೂಕಿ ಎಂದು ಶ್ಯಾನನ್ ಅವರೇ ಬರೆದಿದ್ದಾರೆ.

ಒಂದು ಸ್ವಿಚ್ಚಿನಿಂದ ಹೌದು-ಇಲ್ಲ ಎಂದಷ್ಟೇ ಹೇಳಬಹುದು. ಎರಡಿದ್ದರೆ ನಾಲ್ಕು ಸಂಗತಿ, ಮೂರಿದ್ದರೆ ಎಂಟು. ಒಂದೊಂದು ಸ್ವಿಚ್ಚು ಸೇರಿದಂತೆ ಲೆಕ್ಕ ಇಮ್ಮಡಿಯಾಗುತ್ತ ಹೋಗುತ್ತದೆ. ಮನೆಯ ಗೋಡೆಯ ಮೇಲೆ ಎಂಟು ಸ್ವಿಚ್ಚಿನ ಬೋರ್ಡ್ ಇದ್ದರೆ ಅದನ್ನು 256 ಬಗೆಯಲ್ಲಿ ಇಡಬಹುದು. ಆ ಎಂಟರ ಗುಂಪಿಗೆ ಬೈಟ್ ಎಂದು ಹೆಸರು. 1956ರಲ್ಲಿ ಐಬಿಎಂ ಕಂಪನಿಯ ವರ್ನರ್ ಬುಕ್‌ಹೋಲ್ಟ್ಸ್ ಇಟ್ಟ ಹೆಸರು ಅದು. ಇಂಗ್ಲಿಷಿನಲ್ಲಿ ಅದೇ ಉಚ್ಚಾರದ ಪದಕ್ಕೆ ಒಂದು ಬಾಯಿ ತುತ್ತು ಎಂಬ ಅರ್ಥ ಇದೆ. ಬರೆಯುವಾಗ ಬಿಟ್ ಜೊತೆ ಗೊಂದಲ ಆಗಬಾರದೆಂದು ಬೇಕಂತಲೇ ಕಾಗುಣಿತ ಬದಲಿಸಿದರು. ಗೊಂದಲವೇನೂ ತಪ್ಪಲಿಲ್ಲ, ಮುಂದೆ ನೋಡುವಿರಂತೆ. ಮೊದಮೊದಲು ಬೈಟಿಗೆ ಇಷ್ಟೇ ಬಿಟ್ ಎಂಬ ನಿಯಮ ಇರಲಿಲ್ಲ. 1964ರಲ್ಲಿ ಐಬಿಎಂನ ಸಿಸ್ಟಮ್/360 ಯಂತ್ರ ಬಂದ ಮೇಲೆ ಎಂಟು ಎಂಬುದು ರೂಢಿಯಾಯಿತು.

## 'ಕಲಬುರಗಿ' ಎಂದು ಬರೆದರೆ ಎಷ್ಟು ಬೈಟ್?

ಇಂಗ್ಲಿಷ್ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಊರಿನ ಹೆಸರು ಆ ಲಿಪಿಯಲ್ಲಿ ಹತ್ತು ಅಕ್ಷರ, ಅಂದರೆ ಹತ್ತು ಬೈಟ್. ಕನ್ನಡದಲ್ಲಿ ಬರೆದರೆ ನಮ್ಮ ಕಣ್ಣಿಗೆ ಐದೇ ಅಕ್ಷರ. ಕಂಪ್ಯೂಟರಿಗೆ ಮಾತ್ರ ಏಳು: ಕ, ಲ, ಬ, ಆ ಬ ಅಕ್ಷರದ ಕೊಂಬು, ರ, ಗ, ಆ ಗ ಅಕ್ಷರದ ಗುಡಿಸು. ಕೊಂಬು, ಗುಡಿಸು, ಇಳಿ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಇಂಟರ್ನೆಟ್ಟಿನಲ್ಲಿ ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಏಳು ಮೂರಲೆ ಇಪ್ಪತ್ತೊಂದು. ಯಾದಗಿರಿಗೂ ಇಪ್ಪತ್ತೊಂದೇ, ಎಣಿಸಿ ನೋಡಿ.

ಅದೇ ಹೆಸರನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸಿದರೆ 14 ಬೈಟ್. ಅಲ್ಲಿನ ಪದ್ಧತಿಯಲ್ಲಿ ಕನ್ನಡದ ಚಿಹ್ನೆಯೊಂದಕ್ಕೆ ಎರಡು ಬೈಟ್, ಅಂದರೆ 16 ಬಿಟ್. ಒಂದು ಎಸ್ಸೆಮ್ಮೆಸ್‌ನ ಚೀಲ 140 ಬೈಟ್, ಬಿಟ್‌ನಲ್ಲಿ ಹೇಳುವುದಾದರೆ 1120. ಇಂಗ್ಲಿಷ್ ಅಕ್ಷರವನ್ನು ಅಲ್ಲಿ 7 ಬಿಟ್‌ಗೆ ಒತ್ತಿ ತುಂಬುವುದರಿಂದ 160 ಅಕ್ಷರ ಹಿಡಿಯುತ್ತದೆ. 1120ನ್ನು 16ರಿಂದ ಭಾಗಿಸಿದರೆ ಸಿಗುವುದು 70. ಕನ್ನಡದಲ್ಲಿ ಶುಭಾಶಯ ಬರೆಯಲು ಕೂತರೆ ಒಂದು ಮೆಸೇಜು ಬೇಗನೆ ಎರಡಾಗುವುದು ಈ ಲೆಕ್ಕಕ್ಕೇ.

ಕನ್ನಡ ಪುಸ್ತಕದ ಒಂದು ಪುಟದಲ್ಲಿ 1500 ಚಿಹ್ನೆ ಇವೆ ಅಂದುಕೊಳ್ಳಿ. ಯುಟಿಎಫ್-8ರಲ್ಲಿ ಪುಟಕ್ಕೆ 4500 ಬೈಟ್, ಇನ್ನೂರು ಪುಟಕ್ಕೆ 9 ಲಕ್ಷ ಬೈಟ್. ಜೇವರ್ಗಿಯ ಹುಡುಗಿಯ ಒಂದು ಫೋಟೊ ಇಂಥ ನಾಲ್ಕು ಪುಸ್ತಕ ನುಂಗಿ ಕೂತಿತ್ತು.

## ಸಾವಿರ, ಹತ್ತು ಲಕ್ಷ, ನೂರು ಕೋಟಿ

ಬೈಟ್ ತೀರ ಸಣ್ಣದು. ತೊಗರಿಯನ್ನು ಕಾಳಿನ ಲೆಕ್ಕದಲ್ಲಿ ಯಾರೂ ಮಾರುವುದಿಲ್ಲವಲ್ಲ, ಹಾಗೆ ಬೈಟಿಗೂ ಮೇಲಿನ ಅಳತೆಗಳು ಬೇಕು. ಕಿಲೋ ಅಂದರೆ ಸಾವಿರ. ನಾವು ಅಂಗಡಿಯಲ್ಲಿ "ಒಂದ್ ಕಿಲೋ ತೊಗರಿಬ್ಯಾಳಿ ಕೊಡ್ರಿ" ಅನ್ನುವಾಗ ಸಾವಿರ ಗ್ರಾಂ ಕೇಳುತ್ತಿರುತ್ತೇವೆ. ಕಿಲೋಬೈಟ್, ಅಂದರೆ ಕೆಬಿ, ಸಾವಿರ ಬೈಟ್. ಸಾವಿರ ಕೆಬಿಗೆ ಒಂದು ಎಂಬಿ (ಮೆಗಾಬೈಟ್), ಸಾವಿರ ಎಂಬಿಗೆ ಒಂದು ಜಿಬಿ (ಗಿಗಾಬೈಟ್), ಸಾವಿರ ಜಿಬಿಗೆ ಒಂದು ಟಿಬಿ (ಟೆರಾಬೈಟ್).

ನಮ್ಮ ಎಣಿಕೆಯಲ್ಲಿ ಸಾವಿರ ದಾಟಿದ ಮೇಲೆ ನೂರು ನೂರರ ಹೆಜ್ಜೆ, ಈ ಅಳತೆಗಳದ್ದು ಸಾವಿರ ಸಾವಿರದ ಹೆಜ್ಜೆ. ಅದಕ್ಕೇ ಲೆಕ್ಕ ಬಾಯಿಗೆ ಬೇಗ ಹತ್ತುವುದಿಲ್ಲ. ಒಮ್ಮೆ ಹೊಂದಿಸಿಕೊಂಡರೆ ಆಯಿತು: ಎಂಬಿ ಅಂದರೆ ಹತ್ತು ಲಕ್ಷ ಬೈಟ್, ಜಿಬಿ ಅಂದರೆ ನೂರು ಕೋಟಿ, ಟಿಬಿ ಅಂದರೆ ಲಕ್ಷ ಕೋಟಿ. ರಾಜ್ಯದ ಬಜೆಟ್ಟಿನ ಸುದ್ದಿಯಲ್ಲಿ ಕೇಳುವ ಲಕ್ಷ ಕೋಟಿ ಈಗ ಅಂಗೈಯಗಲದ ಹಾರ್ಡ್‌ಡಿಸ್ಕಿನಲ್ಲಿದೆ.

ಗುಣಿಸಬೇಕೋ ಭಾಗಿಸಬೇಕೋ ಎಂಬ ಅನುಮಾನ ಬಂದಾಗ 500ರ ನೋಟನ್ನು ನೆನೆಯಿರಿ. ಚಿಲ್ಲರೆ ಮಾಡಿಸಿದರೆ ಕೈಯಲ್ಲಿ ನೋಟುಗಳು ಹೆಚ್ಚುತ್ತವೆ, ದುಡ್ಡು ಹೆಚ್ಚುವುದಿಲ್ಲ. ದೊಡ್ಡ ಅಳತೆಯಿಂದ ಸಣ್ಣದಕ್ಕೆ ಇಳಿಯುವಾಗ ಅಂಕಿ ಬೆಳೆಯಬೇಕು, ಹಾಗಾಗಿ ಗುಣಾಕಾರ. 3.4 ಎಂಬಿ ಪ್ರಮಾಣಪತ್ರ 3400 ಕೆಬಿ ಆಗುತ್ತದೆ, 500 ಕೆಬಿ ಮಿತಿಯ ಹೆಚ್ಚುಕಡಿಮೆ ಏಳು ಪಟ್ಟು. ಮೇಲೆ ಹತ್ತುವಾಗ ಭಾಗಾಕಾರ: 750 ಎಂಬಿ ವಿಡಿಯೊ 0.75 ಜಿಬಿ.

ಲೆಕ್ಕ ಇಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ.

## 1024 ಎಲ್ಲಿಂದ ಬಂತು?

ಶಾಲೆಯ ಕಂಪ್ಯೂಟರ್ ಪುಸ್ತಕದಲ್ಲಿ 1 ಕೆಬಿ ಅಂದರೆ 1024 ಬೈಟ್ ಎಂದು ಬಾಯಿಪಾಠ ಮಾಡಿದವರು ಇಷ್ಟು ಹೊತ್ತಿಗೆ ನನ್ನ ಮೇಲೆ ಮುನಿದಿರಬೇಕು. ಅವರು ಕಲಿತದ್ದೂ ತಪ್ಪಲ್ಲ.

ಮತ್ತೆ ಸ್ವಿಚ್ ಬೋರ್ಡಿಗೆ ಹೋಗೋಣ. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದೊಂದು ಬೈಟಿಗೂ ಮನೆ ನಂಬರ್ ಇದ್ದಂತೆ ಒಂದು ವಿಳಾಸ ಇರುತ್ತದೆ. ಆ ವಿಳಾಸ ಬರೆಯುವುದೂ ಸ್ವಿಚ್ಚುಗಳಿಂದಲೇ. ಹತ್ತು ಸ್ವಿಚ್ಚು ಕೊಟ್ಟರೆ 1024 ಬೇರೆ ಬೇರೆ ವಿಳಾಸ ಬರೆಯಬಹುದು. ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ: 2, 4, 8, 16, 32, 64, 128, 256, 512, 1024. ಹತ್ತನೆಯದು ಸಾವಿರದ ಪಕ್ಕಕ್ಕೇ ಬಂದು ನಿಂತಿತು. ಮೆಮೊರಿ ಚಿಪ್ಪುಗಳನ್ನು ಮಾಡುವವರಿಗೆ 1000 ಮನೆಯ ಓಣಿ ಕಟ್ಟಿ ಉಳಿದ 24 ವಿಳಾಸ ಬಿಸಾಡುವುದು ಹುಚ್ಚುತನ. ಅವರು 1024 ಮನೆಯನ್ನೇ ಕಟ್ಟಿದರು, ಸಾವಿರಕ್ಕೆ ಹತ್ತಿರ ಇದೆಯಲ್ಲ ಅಂತ ಅದನ್ನೂ ಕಿಲೋ ಅಂದರು. ಮಾತಿಗೆ ಅನುಕೂಲವಾಗಲೆಂದು ಮಾಡಿಕೊಂಡ ಈ ಸಡಿಲಿಕೆ ಮುಂದೆ ಎರಡು ಲೆಕ್ಕಕ್ಕೆ ಕಾರಣವಾಯಿತು.

ಕೆಬಿ ಮಟ್ಟದಲ್ಲಿ ವ್ಯತ್ಯಾಸ ಶೇ. 2.4 ಮಾತ್ರ. ಆದರೆ ಒಂದೊಂದು ಮೆಟ್ಟಿಲಿಗೂ ಮತ್ತೆ 1024ರಿಂದ ಗುಣಿಸುವುದರಿಂದ ಅದು ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಎಂಬಿಯಲ್ಲಿ ಶೇ. 4.9, ಜಿಬಿಯಲ್ಲಿ 7.4, ಟಿಬಿಗೆ ಬರುವಷ್ಟರಲ್ಲಿ ಸುಮಾರು ಶೇ. 10.

## ಎರಡು ರೂಪಾಯಿಗಳ ಊರು

ನಮ್ಮ ಮುತ್ಯಾನ, ಅಂದರೆ ಅಜ್ಜನ, ಕಾಲಕ್ಕೆ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ನಿಜಾಮರ ಆಳ್ವಿಕೆಯಲ್ಲಿದ್ದವು. ಸಂಸ್ಥಾನಕ್ಕೆ ತನ್ನದೇ ನಾಣ್ಯ, ಅದು ಹಾಲಿ ಸಿಕ್ಕಾ. ರೈಲು ಹತ್ತಿ ಸೊಲ್ಲಾಪುರಕ್ಕೆ ಇಳಿದರೆ ಅದು ಬ್ರಿಟಿಷರ ಮುಂಬೈ ಪ್ರಾಂತ್ಯ, ಅಲ್ಲಿ ನಡೆಯುತ್ತಿದ್ದದ್ದು ಕಲ್ದಾರ್. ಎರಡಕ್ಕೂ ರೂಪಾಯಿ ಅಂತಲೇ ಹೆಸರು, ಬೆಲೆ ಮಾತ್ರ ಬೇರೆ. 7 ಹಾಲಿ ಕೊಟ್ಟರೆ 6 ಕಲ್ದಾರ್. ಯಾರಾದರೂ "ಎತ್ತು ನೂರು ರೂಪಾಯಿಗೆ ಕೊಟ್ಟೆ" ಅಂದರೆ ಮುತ್ಯಾ ಕೇಳುತ್ತಿದ್ದ ಮೊದಲ ಮಾತು, "ಹಾಲಿನೋ, ಕಲ್ದಾರೋ?" ನೂರು ಹಾಲಿ ಅಂದರೆ ಹತ್ತಿರ ಹತ್ತಿರ 86 ಕಲ್ದಾರ್. ಎತ್ತಿನ ವ್ಯಾಪಾರದಲ್ಲಿ ಅದು ಸಣ್ಣ ಮಾತಲ್ಲ.

ಜಿಬಿ ಸಮಾಚಾರವೂ ಥೇಟ್ ಇದೇ. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್, ಮೆಮೊರಿ ಕಾರ್ಡ್ ಮಾಡುವ ಕಂಪನಿಗಳು ಪೊಟ್ಟಣದ ಮೇಲೆ ಬರೆಯುವುದು ಸಾವಿರದ ಜಿಬಿ: ನೂರು ಕೋಟಿ ಬೈಟ್. ವಿಂಡೋಸ್ ಪರದೆಯ ಮೇಲೆ ತೋರಿಸುವುದು 1024ರ ಜಿಬಿ: 107 ಕೋಟಿ 37 ಲಕ್ಷ 41 ಸಾವಿರದ 824 ಬೈಟ್. 64 ಜಿಬಿ ಪೆನ್‌ಡ್ರೈವ್ ಅಂದರೆ 6400 ಕೋಟಿ ಬೈಟ್. ಅದನ್ನು ಆ ಉದ್ದ ಸಂಖ್ಯೆಯಿಂದ ಭಾಗಿಸಿ, ಬರುವುದು 59.6. ಸೂಪರ್ ಮಾರ್ಕೆಟ್‌ನಲ್ಲಿ ಕೊಂಡು ಮನೆಗೆ ತಂದು ಹಚ್ಚಿದಾಗ "ನಾಲ್ಕು ಜಿಬಿ ಎಲ್ಲಿ ಹೋಗ್ಯಾದ್ರಿ?" ಅಂತ ಅಂಗಡಿಗೆ ವಾಪಸ್ ಓಡುವವರಿದ್ದಾರೆ. ಎಲ್ಲಿಗೂ ಹೋಗಿಲ್ಲ. 64 ಹಾಲಿ ಕೊಟ್ಟು ಸೊಲ್ಲಾಪುರದಲ್ಲಿ 64 ಕಲ್ದಾರ್ ಕೇಳಿದರೆ ಯಾರು ಕೊಡುತ್ತಾರೆ? ಇದೇ ಲೆಕ್ಕದಲ್ಲಿ 500 ಜಿಬಿ ಡಿಸ್ಕು ವಿಂಡೋಸ್‌ನಲ್ಲಿ 465 ಚಿಲ್ಲರೆ ಕಾಣುತ್ತದೆ, 1 ಟಿಬಿ ಡಿಸ್ಕು 931 ಜಿಬಿ. ಪೆನ್‌ಡ್ರೈವ್ ತನ್ನ ಫೈಲುಗಳ ಖಾತೆ ಪುಸ್ತಕಕ್ಕೆ ಇನ್ನೂ ಸ್ವಲ್ಪ ಜಾಗ ಹಿಡಿಯುತ್ತದೆ, ಅದು ಬೇರೆ.

ಆಪಲ್ ಕಂಪನಿ 2009ರಿಂದ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಸಾವಿರದ ಲೆಕ್ಕಕ್ಕೆ ಬದಲಾಯಿಸಿತು. ಹಾಗಾಗಿ ಅದೇ ಪೆನ್‌ಡ್ರೈವ್ ಮ್ಯಾಕ್‌ಗೆ ಹಚ್ಚಿದರೆ 64ರ ಸಮೀಪ, ಪಕ್ಕದ ವಿಂಡೋಸ್ ಯಂತ್ರಕ್ಕೆ ಹಚ್ಚಿದರೆ 59.6.

ಇನ್ನೂ ತಮಾಷೆಯದು ಮೊಬೈಲ್ ಡಬ್ಬಿ. '8 ಜಿಬಿ, 128 ಜಿಬಿ' ಎಂದು ಒಂದೇ ಸಾಲಿನಲ್ಲಿ ಅಚ್ಚಾಗಿರುತ್ತದೆ. ಮೊದಲನೆಯದು ರ‍್ಯಾಮ್, ಅಂದರೆ ಮೊಬೈಲ್ ಕೆಲಸ ಮಾಡುವಾಗ ಬಳಸುವ ಮೆಮೊರಿ. ಅದು ಮೆಮೊರಿ ಚಿಪ್ಪಾದ್ದರಿಂದ 1024ರ ಲೆಕ್ಕ. ಎರಡನೆಯದು ಫೋಟೊ, ವಿಡಿಯೊ ಇಡುವ ಜಾಗ, ಅದು 1000ದ ಲೆಕ್ಕ. ಒಂದೇ ಡಬ್ಬಿ, ಒಂದೇ ಸಾಲು, ಎರಡು ಸಿಕ್ಕಾ. ಹಳೆಯ 1.44 ಎಂಬಿ ಫ್ಲಾಪಿ ಇದಕ್ಕೂ ಒಂದು ಕೈ ಮೇಲೆ. ಅದರ ನಿಜವಾದ ಗಾತ್ರ 1440ನ್ನು 1024ರಿಂದ ಗುಣಿಸಿದಷ್ಟು, 14 ಲಕ್ಷ 74 ಸಾವಿರದ 560 ಬೈಟ್. ಒಂದು ಮೆಟ್ಟಿಲು 1024, ಮುಂದಿನ ಮೆಟ್ಟಿಲು 1000. ಹಾಲಿಯೂ ಅಲ್ಲ, ಕಲ್ದಾರೂ ಅಲ್ಲ!

ಈ ಗೋಜಲು ಬಿಡಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ 1024ರ ಅಳತೆಗಳಿಗೆ ಬೇರೆ ಹೆಸರಿಟ್ಟಿತು: ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್. ಇಂಗ್ಲಿಷಿನಲ್ಲಿ ಬರೆಯುವಾಗ ಜಿ ಮತ್ತು ಬಿ ನಡುವೆ ಒಂದು ಚಿಕ್ಕ ಐ ಕಂಡರೆ ಅದು 1024ರದ್ದು. ಲಿನಕ್ಸ್ ಬಳಸುವವರಿಗೆ ಇದು ಹೊಸದಲ್ಲ. ಪೇಟೆಯಲ್ಲಿ ಮಾತ್ರ ಯಾರೂ "64 ಗಿಬಿ ಕೊಡ್ರಿ" ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಹಾಲಿ ಸಿಕ್ಕಾ 1959ರಲ್ಲಿ ಕಾನೂನು ಪ್ರಕಾರ ಕೊನೆಯಾಯಿತು, ಜಿಬಿಗೆ ಅಂಥ ಸರ್ಕಾರ ಇಲ್ಲ.

## ಚಿಕ್ಕ ಬಿ, ದೊಡ್ಡ ಬಿ

ಮನೆಗೆ 100 ಎಂಬಿಪಿಎಸ್ ಇಂಟರ್ನೆಟ್ ಹಾಕಿಸಿದ್ದೀರಿ. ಸಿನಿಮಾ ಇಳಿಸಿಕೊಳ್ಳುವಾಗ ಪರದೆಯ ಮೇಲೆ ಸೆಕೆಂಡಿಗೆ 12 ಎಂಬಿ ಎಂದು ಕಾಣುತ್ತದೆ. ಮೋಸವೇ? ಅಲ್ಲ. ಇಂಗ್ಲಿಷಿನಲ್ಲಿ ದೊಡ್ಡ ಬಿ ಬರೆದರೆ ಬೈಟ್, ಚಿಕ್ಕ ಬಿ ಬರೆದರೆ ಬಿಟ್. ತಂತಿಯಲ್ಲಿ ಹರಿಯುವುದು ಬಿಟ್ ಆದ್ದರಿಂದ ವೇಗವನ್ನು ಬಿಟ್‌ನಲ್ಲಿ ಹೇಳುವ ರೂಢಿ ಬಂತು. ಇಡುವ ಜಾಗವನ್ನು ಬೈಟ್‌ನಲ್ಲಿ ಹೇಳುತ್ತಾರೆ. ನಡುವೆ ಎಂಟರ ಅಂತರ. 100ನ್ನು 8ರಿಂದ ಭಾಗಿಸಿದರೆ 12.5. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲದ ಕಾರಣ, 'ಎಂಬಿ' ಎಂದು ಬರೆದ ಕೂಡಲೇ ಆ ಏಕೈಕ ಸುಳಿವೂ ಅಳಿಸಿಹೋಗುತ್ತದೆ. ಆದ್ದರಿಂದ ಒಂದು ಗುರುತು ಇಟ್ಟುಕೊಳ್ಳಿ: ಕೊನೆಯಲ್ಲಿ ಪಿಎಸ್ (ಪರ್ ಸೆಕೆಂಡ್) ಇದ್ದರೆ, ಅಂದರೆ ವೇಗದ ಮಾತಾದರೆ, ಬಹುಪಾಲು ಅದು ಬಿಟ್. ಎಂಟರಿಂದ ಭಾಗಿಸಿ.

ಇದರಿಂದ ಮೊಬೈಲ್ ಪ್ಯಾಕಿನ ಲೆಕ್ಕ ಬಿಡಿಸಬಹುದು. ದಿನಕ್ಕೆ 1.5 ಜಿಬಿ ಪ್ಯಾಕ್ ಇದೆ, ನಿಮ್ಮ ಓಣಿಯಲ್ಲಿ 40 ಎಂಬಿಪಿಎಸ್ ವೇಗ ಸಿಗುತ್ತಿದೆ ಅನ್ನಿ. ಸೆಕೆಂಡಿಗೆ 5 ಎಂಬಿ. 1500 ಎಂಬಿಯನ್ನು 5ರಿಂದ ಭಾಗಿಸಿದರೆ 300 ಸೆಕೆಂಡ್. ಪೂರಾ ವೇಗದಲ್ಲಿ ಏನಾದರೂ ಇಳಿಸಿಕೊಂಡರೆ ಇಡೀ ದಿನದ ಡೇಟಾ ಐದು ನಿಮಿಷದಲ್ಲಿ ಖಾಲಿ. ಬೆಳಗಿನ ಚಹಾ ಆರುವುದರೊಳಗೆ.

ಖಾಲಿಯಾದ ಮೇಲೆ ಎಷ್ಟೋ ಪ್ಯಾಕುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. 64 ಕೇಳಿದರೆ ಪರವಾಗಿಲ್ಲ ಅನ್ನಿಸುತ್ತದೆ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 8 ಕೆಬಿ. ಆ ಹುಡುಗಿಯ 4 ಎಂಬಿ ಫೋಟೊ ಆ ವೇಗದಲ್ಲಿ ಹೋಗಲು 500 ಸೆಕೆಂಡ್, ಎಂಟು ನಿಮಿಷಕ್ಕೂ ಮೇಲೆ. ಅಷ್ಟರಲ್ಲಿ ಅರ್ಜಿಯ ಪುಟವೇ ಮುಚ್ಚಿಕೊಂಡುಬಿಟ್ಟರೂ ಆಶ್ಚರ್ಯವಿಲ್ಲ.

## ಹಾಗಾದರೆ 4 ಎಂಬಿ ಫೋಟೊ 50 ಕೆಬಿ ಆಗುವುದು ಹೇಗೆ?

ಫೋಟೊ ಅಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ರಂಗೋಲಿ. ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. 12 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ ಅಡ್ಡ 4000, ಉದ್ದ 3000, ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಯ ಬಣ್ಣಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಲೆಕ್ಕ ಹಾಕಿದರೆ 36 ಎಂಬಿ ಆಗಬೇಕು. ಆದರೂ ಫೋನಿನಲ್ಲಿ 4 ಎಂಬಿ ಇತ್ತು. ಕಾರಣ ಜೆಪೆಗ್ ಎಂಬ ಪದ್ಧತಿ: ಮನುಷ್ಯರ ಕಣ್ಣು ಗಮನಿಸದಂಥ ಸೂಕ್ಷ್ಮ ವ್ಯತ್ಯಾಸಗಳನ್ನು ಬಿಟ್ಟು ಉಳಿದದ್ದನ್ನು ಅಡಕವಾಗಿ ಬರೆದಿಡುತ್ತದೆ.

ಪಾಸ್‌ಪೋರ್ಟ್ ಅಳತೆಯ ಫೋಟೊಕ್ಕೆ ಅಷ್ಟು ಚುಕ್ಕೆ ಬೇಕಿಲ್ಲ. ಅಂಗಡಿಯವ ಮುಖದ ಭಾಗ ಕತ್ತರಿಸಿ 200ಕ್ಕೆ 230 ಚುಕ್ಕೆಗೆ ಇಳಿಸಿದ. ಒಟ್ಟು 46 ಸಾವಿರ ಚುಕ್ಕೆ, ಮೂರರಿಂದ ಗುಣಿಸಿದರೆ 138 ಕೆಬಿ, ಜೆಪೆಗ್ ಅದನ್ನು ಇನ್ನೂ ಒತ್ತಿತು. 50ರೊಳಗೆ ಸಲೀಸಾಗಿ ಬಂತು. ಮಿತಿಯ ಅಂಚಿಗೆ ತಂದು ನಿಲ್ಲಿಸಬೇಡಿ. 51,000 ಬೈಟಿನ ಫೈಲು ನಿಮ್ಮ ಪರದೆಯಲ್ಲಿ 1024ರ ಲೆಕ್ಕಕ್ಕೆ 49.8 ಕೆಬಿ ಅನ್ನಿಸಿಕೊಂಡು, ಸಾವಿರದ ಲೆಕ್ಕ ಹಾಕುವ ಅರ್ಜಿ ಪುಟದಲ್ಲಿ 51 ಆಗಿ ಬಾಗಿಲಲ್ಲೇ ವಾಪಸ್ಸಾಗುತ್ತದೆ. 45ರ ಆಸುಪಾಸು ಇದ್ದರೆ ಯಾವ ಸಿಕ್ಕಾದಲ್ಲೂ ನಡೆಯುತ್ತದೆ.

ಪ್ರಮಾಣಪತ್ರದ ವಿಷಯ ಇನ್ನೂ ಸ್ವಾರಸ್ಯ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ. ಬಣ್ಣದಲ್ಲಾದರೆ ಚುಕ್ಕೆಗೆ 3 ಬೈಟ್, ಒಟ್ಟು 26 ಎಂಬಿ. ಬೂದು ಛಾಯೆಯಲ್ಲಾದರೆ ಚುಕ್ಕೆಗೆ ಒಂದೇ ಬೈಟ್, 8.7 ಎಂಬಿ. ಬರೀ ಕಪ್ಪು-ಬಿಳುಪಾದರೆ ಚುಕ್ಕೆಗೆ ಒಂದು ಬಿಟ್, ಅದೇ ನಮ್ಮ ಒಂಟಿ ಸ್ವಿಚ್ಚು, ಒಟ್ಟು 1.1 ಎಂಬಿ. ಇವೆಲ್ಲ ಒತ್ತುವುದಕ್ಕೆ ಮುಂಚಿನ ಅಂಕಿಗಳು. ಇಂಚಿಗೆ 300ರ ಬದಲು 150 ಇಟ್ಟರೆ ಉದ್ದವೂ ಅರ್ಧ, ಅಗಲವೂ ಅರ್ಧ, ಚುಕ್ಕೆಗಳು ಕಾಲುಭಾಗ. ಅಂಗಡಿಯವ ಹಾಗೇ ಮಾಡಿದ. ಮುದ್ರೆಯ ಬಣ್ಣ ಕಾಣಬೇಕೆಂದು ಕಲರ್ ಇಟ್ಟ, ಚುಕ್ಕೆ ಕಡಿಮೆ ಮಾಡಿದ. 410 ಕೆಬಿ.

ಉಳಿದದ್ದು ಸಹಿ. ಬಿಳಿ ಹಾಳೆಯ ಮೇಲೆ ಒಂದು ಗೀರು. ಒಂದೇ ಬಣ್ಣದ ಬಯಲು ಹೆಚ್ಚಿದ್ದಷ್ಟೂ ಫೈಲು ಚೆನ್ನಾಗಿ ಒತ್ತಿಕೊಳ್ಳುತ್ತದೆ, ಬರೆದಿಡಲು ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಅಪ್‌ಲೋಡ್ ಒತ್ತಿದ ಕೂಡಲೇ ಪರದೆಯ ಮೇಲೆ ಕೆಂಪಕ್ಷರ ಬಂತು. ಸಹಿ 7 ಕೆಬಿ ಇತ್ತು, ಕನಿಷ್ಠ 10 ಬೇಕಿತ್ತು.

"ಈಗ ಏನ್ ಮಾಡಬೇಕಣ್ಣಾ?"

"ಇನ್ನೊಂದ್ ಸಲ ಸಹಿ ಮಾಡವ್ವ" ಅಂತ ಅವ ಹೊಸ ಹಾಳೆ ಚಾಚಿದ. "ಈ ಸಲ ಸ್ವಲ್ಪ ದೊಡ್ಡದ್ ಮಾಡು."